ನಮೂನೆಯ ಒಡೆತನ: ರಬಕವಿ-ಬನಹಟ್ಟಿಯ ನೇಕಾರರ ಮುಂದಿರುವ ಪ್ರಶ್ನೆ

ರಬಕವಿ-ಬನಹಟ್ಟಿಯ ನೇಕಾರರು ಒಂದೆಡೆ ಕೂಡಿದಾಗ ನೂಲಿನ ದರ, ಮಜೂರಿ, ವಿದ್ಯುತ್ತಿನ ಬಿಲ್ಲು, ಪೇಟೆಯಲ್ಲಿ ಸೀರೆಗಿರುವ ಗಿರಾಕಿ ಈ ವಿಷಯಗಳನ್ನು ಕುರಿತು ಮಾತನಾಡುವದು ರೂಢಿ. ಈಚೆಗೆ ಈ ಸಾಲಿನಲ್ಲಿ ಇನ್ನೊಂದು ವಿಷಯವು ಸೇರಿಕೊಂಡಿದೆ. ಮಗ್ಗದ ನೆತ್ತಿಯ ಮೇಲಿರುವ ರಟ್ಟಿನ ಜಕಾರ್ಡವನ್ನು ಇಳಿಸಿ ಅದರ ಸ್ಥಳದಲ್ಲಿ ಇಲೆಕ್ಟ್ರಾನಿಕ್ ಜಕಾರ್ಡವನ್ನು ಏರಿಸಬೇಕೇ, ಏರಿಸುವದಾದರೆ ಸೂರತಿನಲ್ಲಿ ಮಾಡಿದ್ದನ್ನು ಕೊಳ್ಳಬೇಕೇ ಅಥವಾ ಪರದೇಶದಿಂದ ಬಂದದ್ದನ್ನು ಕೊಳ್ಳಬೇಕೇ, ನಮೂನೆಯನ್ನು ಸಿದ್ಧಪಡಿಸುವ ಗಣಕಯಂತ್ರದ ತಂತ್ರಾಂಶವು ಯಾವದಿರಬೇಕು ಎಂಬ ಪ್ರಶ್ನೆಗಳನ್ನೆತ್ತಿಕೊಂಡು ಅನುಭವಿಕರಾದ ಹಿರಿಯರೂ ಉತ್ಸಾಹಿಗಳಾದ ತರುಣರೂ ವಾದಿಸುವರು. ಹೊರಗಿನವರಿಗೆ ಇದು ಒಂದು ಕಸಬಿನವರ ಒಳಮಾತಿನಂತೆ ತೋರಬಹುದು. ಆದರೆ ಈ ಸೀಮೆಯಲ್ಲಿ ಕಬ್ಬಿನ ಗದ್ದೆಯ ಪಕ್ಕದಲ್ಲಿಯೇ ನಿಂತು ಸಾವಿರಾರು ಮನೆಗಳ ಒಲೆಯನ್ನು ಹೊತ್ತಿಸುವ ಉದ್ಯಮವೆಂದರೆ ಮಗ್ಗವೇ. ಆ ಮಗ್ಗದ ಬುದ್ಧಿಯು ಯಾರ ಕೈಯಲ್ಲಿ ಇರಬೇಕೆಂಬದು ನೇಕಾರರಿಗಷ್ಟೇ ಸಂಬಂಧಿಸಿದ ಮಾತಲ್ಲ. ಜಮಖಂಡಿ, ಮುಧೋಳ, ಬೀಳಗಿಗಳ ನಾಗರಿಕರೂ ಅಧಿಕಾರಿಗಳೂ ಇದಕ್ಕೆ ಲಕ್ಷ್ಯಗೊಡುವದು ಅವಶ್ಯವಾಗಿದೆ.

ಜಕಾರ್ಡ ಎಂದರೇನು?

ಮಗ್ಗದ ಪರಿಚಯವಿಲ್ಲದ ವಾಚಕರಿಗಾಗಿ ಮೊದಲು ನಾಲ್ಕು ಮಾತು. ಬಟ್ಟೆಯಲ್ಲಿ ಉದ್ದಕ್ಕೆ ಹಾಯ್ದಿರುವ ಎಳೆಗಳು ಹಾಸು, ಅಡ್ಡಲಾಗಿ ಹೋಗುವ ಎಳೆಗಳು ಹೊಕ್ಕು. ಹಾಸಿನ ಕೆಲವು ಎಳೆಗಳು ಮೇಲೆದ್ದು ಕೆಲವು ಕೆಳಗುಳಿದಾಗ ನಡುವೆ ತೆರೆಯುವ ಬಾಯಿಯಲ್ಲಿ ಲಾಳಿಯು ಹಾಯುವದು. ಪ್ರತಿಯೊಂದು ಹೊಕ್ಕಿಗೂ ಹಾಸಿನ ಯಾವ ಎಳೆಗಳು ಏಳಬೇಕು, ಯಾವವು ಕೆಳಗುಳಿಯಬೇಕು ಎಂಬ ನಿರ್ಣಯಕ್ಕೇ ನಮೂನೆ ಎಂದು ಹೆಸರು. ಸಾದಾ ಬಟ್ಟೆಗೆ ಈ ನಿರ್ಣಯವು ಸುಲಭ. ಸಣ್ಣ ದಡಿ, ಚಿಕ್ಕ ಹೂವುಗಳಿಗೆ ಡಾಬಿಯು ಸಾಕಾಗುವದು. ಆದರೆ ಬಳ್ಳಿ, ನವಿಲು, ತೇರು, ಗೋಪುರಗಳಂಥ ವಿಸ್ತಾರವಾದ ನಮೂನೆಯು ಬೇಕಾದಾಗ ನೂರಾರು ಎಳೆಗಳನ್ನು ಬಿಡಿಬಿಡಿಯಾಗಿ ಆಳಬೇಕಾಗುವದು. ಆ ಕೆಲಸವನ್ನು ಮಾಡುವದೇ ಜಕಾರ್ಡ.

ಹಳೆಯ ಜಕಾರ್ಡದಲ್ಲಿ ಒಂದೊಂದು ಹೊಕ್ಕಿಗೂ ಒಂದೊಂದು ರಟ್ಟಿನ ಪಟ್ಟಿ. ಪಟ್ಟಿಯಲ್ಲಿ ತೂತು ಇದ್ದಲ್ಲಿ ಸೂಜಿಯು ಒಳಗೆ ಹೊಕ್ಕು ಅದರ ಕೊಕ್ಕೆಯು ಎಳೆಯನ್ನು ಮೇಲೆತ್ತುವದು. ತೂತು ಇಲ್ಲದಲ್ಲಿ ಸೂಜಿಯು ಹಿಂದಕ್ಕೆ ಸರಿದು ಎಳೆಯು ಕೆಳಗೇ ಉಳಿಯುವದು. ತೂತು ಅಥವಾ ತೂತಿಲ್ಲ, ಹೌದು ಅಥವಾ ಅಲ್ಲ, ಇಷ್ಟೇ ಅದರ ಭಾಷೆ. ಅಂಗುಲಕ್ಕೆ 60 ಹೊಕ್ಕುಗಳಂತೆ 10 ಅಂಗುಲ ಉದ್ದದ ನಮೂನೆಯೊಂದನ್ನು ನೇಯಬೇಕಾದರೆ 600 ಪಟ್ಟಿಗಳನ್ನು ಕೊರೆದು, ದಾರದಿಂದ ಸಾಲಾಗಿ ಹೊಲಿದು, ಮಗ್ಗದ ಮೇಲೆ ತೂಗಬೇಕು. ಚೌಕಳಿಯ ಕಾಗದದ ಮೇಲೆ ನಮೂನೆಯನ್ನು ಬರೆದು ಅದನ್ನು ನೋಡಿ ರಟ್ಟನ್ನು ಕೊರೆಯುವವನದು ಒಂದು ಪ್ರತ್ಯೇಕ ವಿದ್ಯೆ. ಅವನ ಒಂದು ತೂತು ತಪ್ಪಿದರೆ ಪ್ರತಿಯೊಂದು ಸೀರೆಯ ಸೆರಗಿನಲ್ಲಿಯೂ ಅದೇ ತಪ್ಪು ಮರುಕಳಿಸುವದು.

ಮಗ್ಗದಿಂದ ಗಣಕಕ್ಕೆ, ಗಣಕದಿಂದ ಮಗ್ಗಕ್ಕೆ

ಈ ಯುಕ್ತಿಯು ಒಬ್ಬನ ತಲೆಯಿಂದ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಫ್ರಾನ್ಸ ದೇಶದ ಲಿಯೋನ್ ಪಟ್ಟಣದ ರೇಶ್ಮೆ ನೇಕಾರಿಕೆಯಲ್ಲಿ 1725ರಲ್ಲಿ ಬೂಶೋನನೂ 1728ರಲ್ಲಿ ಫಾಲ್ಕೋನನೂ ತೂತಿನ ಕಾಗದ, ತೂತಿನ ರಟ್ಟುಗಳ ಪ್ರಯೋಗವನ್ನು ಆರಂಭಿಸಿದ್ದರು. ವೋಕಾನ್ಸನ್ನನು ಅದನ್ನು ಮುಂದುವರಿಸಿದನು. 1804ರ ಸುಮಾರಿಗೆ ಜೋಸೆಫ್ ಮಾರಿ ಜಕಾರ್ಡನು ಅವನ್ನೆಲ್ಲ ಕೂಡಿಸಿ ನಡೆಯುವ ಯಂತ್ರವನ್ನು ನಿಲ್ಲಿಸಿದನು. ತಮ್ಮ ಅನ್ನಕ್ಕೆ ಸಂಚಕಾರ ಬಂತೆಂದು ಹೆದರಿದ ಲಿಯೋನಿನ ನೇಕಾರರು ಯಂತ್ರಗಳನ್ನು ಸುಟ್ಟರು, ಜಕಾರ್ಡನ ಮೈಮೇಲೂ ಏರಿ ಹೋದರು. ಆದರೂ 1812ರ ಹೊತ್ತಿಗೆ ಫ್ರಾನ್ಸದಲ್ಲಿ ಇಂಥ 11,000 ಮಗ್ಗಗಳು ನಡೆದಿದ್ದವು. ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯದಲ್ಲಿ ಇಟ್ಟುಕೊಳ್ಳತಕ್ಕದ್ದು. 1806ರಲ್ಲಿ ಫ್ರಾನ್ಸದ ಸರಕಾರವು ಜಕಾರ್ಡನಿಗೆ ವರ್ಷಾಶನವನ್ನೂ ಯಂತ್ರಕ್ಕಿಷ್ಟು ಎಂದು ಗೌರವಧನವನ್ನೂ ಗೊತ್ತುಮಾಡಿ, ಯಂತ್ರವನ್ನು ಸಾರ್ವಜನಿಕ ಸ್ವತ್ತೆಂದು ಸಾರಿತು. ಶೋಧಕನಿಗೆ ಅನ್ನವೂ ನಾಡಿಗೆ ಯಂತ್ರವೂ ಒಂದೇ ನಿರ್ಣಯದಿಂದ ದೊರಕಿದವು.

ಮುಂದೆ ಆ ರಟ್ಟು ನೇಕಾರಿಕೆಯ ಗಡಿಯನ್ನು ದಾಟಿತು. 1839ರಲ್ಲಿ ಜಕಾರ್ಡನ ಭಾವಚಿತ್ರವನ್ನೇ ರೇಶ್ಮೆಯಲ್ಲಿ ನೇಯ್ದರು. ಅದಕ್ಕೆ ಸುಮಾರು 24,000 ಪಟ್ಟಿಗಳು ಬೇಕಾದವು. ಆ ಚಿತ್ರದ ಪ್ರತಿಯೊಂದು ಇಂಗ್ಲೆಂಡದ ಗಣಿತಜ್ಞ ಚಾರ್ಲ್ಸ್ ಬಾಬೇಜನ ಬಳಿಯಲ್ಲಿತ್ತು. ತಾನು ಕಲ್ಪಿಸಿದ ಲೆಕ್ಕದ ಯಂತ್ರಕ್ಕೂ ತೂತಿನ ರಟ್ಟುಗಳ ಮೂಲಕವೇ ಆಜ್ಞೆ ಕೊಡಬೇಕೆಂದು ಅವನು ಯೋಜಿಸಿದ್ದನು. 1890ರ ಅಮೇರಿಕೆಯ ಜನಗಣತಿಯಲ್ಲಿ ಹೊಲೆರಿತ್ ಎಂಬವನು ತೂತಿನ ರಟ್ಟುಗಳಿಂದಲೇ ಲೆಕ್ಕವನ್ನು ತೆಗೆದನು. ಇಪ್ಪತ್ತನೆಯ ಶತಮಾನದ ಗಣಕಯಂತ್ರಗಳು ಬಹುಕಾಲ ರಟ್ಟಿನ ಭಾಷೆಯಲ್ಲಿಯೇ ಆಜ್ಞೆಯನ್ನು ಕೇಳಿದವು. ಕೊನೆಗೆ 1983ರಲ್ಲಿ ಇಂಗ್ಲೆಂಡದ ಬೋನಾಸ್ ಕಂಪನಿಯು ಮಿಲಾನ್ ನಗರದ ಯಂತ್ರ ಪ್ರದರ್ಶನದಲ್ಲಿ ರಟ್ಟಿಲ್ಲದ ಇಲೆಕ್ಟ್ರಾನಿಕ್ ಜಕಾರ್ಡವನ್ನು ಇಟ್ಟಿತು. ಮಗ್ಗವು ಗಣಕಕ್ಕೆ ಕೊಟ್ಟ ಸಾಲವನ್ನು ಗಣಕವು ಮಗ್ಗಕ್ಕೆ ಹೀಗೆ ಮರಳಿಸಿತು. ಬನಹಟ್ಟಿಯ ಓಣಿಯಲ್ಲಿ ರಟ್ಟಿನ ಸರವನ್ನು ತಿದ್ದುವ ಮುದುಕನೂ ಗಣಕದ ಮುಂದೆ ಕುಳಿತ ಅವನ ಮೊಮ್ಮಗನೂ ಮಾಡುತ್ತಿರುವದು ಒಂದೇ ಕೆಲಸ.

ಯಂತ್ರವನ್ನು ಕುರಿತ ವಾದ

ಹೊಸ ಯಂತ್ರದ ಪಕ್ಷದವರು ಹೇಳುವದರಲ್ಲಿ ಬಹಳಷ್ಟು ಸತ್ಯವಿದೆ. ಇಲೆಕ್ಟ್ರಾನಿಕ್ ಜಕಾರ್ಡದಲ್ಲಿ ರಟ್ಟಿನ ಬದಲು ವಿದ್ಯುದಯಸ್ಕಾಂತಗಳು ಕೊಕ್ಕೆಗಳನ್ನು ಆರಿಸುವವು. ನಮೂನೆಯು ಒಂದು ಕಡತವಾಗಿ ಬೆರಳುದ್ದದ ಪೆನ್‌ಡ್ರೈವಿನಲ್ಲಿ ಕೂತು ಮಗ್ಗಕ್ಕೆ ಬರುವದು. ನಮೂನೆಯನ್ನು ಬದಲಿಸಲು ಸಾವಿರಾರು ಪಟ್ಟಿಗಳನ್ನು ಕೊರೆಯಬೇಕಾಗಿಲ್ಲ, ಹೊಲಿಯಬೇಕಾಗಿಲ್ಲ. ಮಳೆಗಾಲದಲ್ಲಿ ರಟ್ಟು ತೇವಕ್ಕೆ ಉಬ್ಬಿ ತೂತು ತಪ್ಪುವದೆಂಬ ಕಾಟವಿಲ್ಲ, ಇಲಿಯ ಹಾವಳಿಯಿಲ್ಲ. ಹಬ್ಬದ ಮುಂಚೆ ಪೇಟೆಯು ಹೊಸ ದಡಿಯನ್ನು ಕೇಳಿದರೆ ಆ ವಾರವೇ ನೇಯ್ದು ಕೊಡಬಹುದು. ಸೂರತಿನ ಕಾರಖಾನೆಗಳು ಹೀಗೆ ಓಡುತ್ತಿರುವಾಗ ನಾವು ರಟ್ಟನ್ನು ಹೊಲಿಯುತ್ತ ಕುಳಿತರೆ ನಮ್ಮ ಸೀರೆಯು ಅಂಗಡಿಗೆ ಮುಟ್ಟುವದರೊಳಗೆ ಹಳೆಯದಾಗಿರುವದೆಂಬದು ಇವರ ವಾದ.

ಹಳೆಯ ಯಂತ್ರದ ಪಕ್ಷದವರನ್ನು ಪ್ರಗತಿಯ ವಿರೋಧಿಗಳೆಂದು ಕರೆಯುವದು ಅನ್ಯಾಯ. ಅವರೂ ಲೆಕ್ಕವನ್ನೇ ಮುಂದಿಡುವರು. ಒಂದೆರಡು ಮಗ್ಗಗಳ ಮನೆಯವನಿಗೆ ಹೊಸ ಜಕಾರ್ಡವೆಂದರೆ ಸಾಲ. ಸಾಲದ ಕಂತು ಪ್ರತಿ ತಿಂಗಳೂ ಬರುವದು, ಸೀರೆಯ ಗಿರಾಕಿಯು ಪ್ರತಿ ತಿಂಗಳೂ ಬರುವದಿಲ್ಲ. ರಟ್ಟಿನ ಜಕಾರ್ಡವು ಕೆಟ್ಟರೆ ಓಣಿಯ ಮಿಸ್ತ್ರಿಯು ಸಂಜೆಯೊಳಗೆ ಸರಿಪಡಿಸುವನು. ಇಲೆಕ್ಟ್ರಾನಿಕ್ ಜಕಾರ್ಡದ ಬೋರ್ಡು ಸುಟ್ಟರೆ ಅದನ್ನು ಬಿಚ್ಚಿ ಪಾರ್ಸಲ್ ಮಾಡಿ ದೂರದ ಊರಿಗೆ ಕಳಿಸಬೇಕು, ಅದು ಮರಳುವವರೆಗೆ ಮಗ್ಗವು ಮೂಕವಾಗಿ ನಿಲ್ಲಬೇಕು. ಬೇಸಿಗೆಯ ಕಾವು, ನೂಲಿನ ಧೂಳು, ವಿದ್ಯುತ್ತಿನ ಏರಿಳಿತ ಇವು ಇಲ್ಲಿಯ ನಿತ್ಯದ ಅನುಭವಗಳು. 2019ರ ಆಗಸ್ಟದಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳಿಗೆ ಮಹಾಪೂರ ಬಂದು ಜಮಖಂಡಿ, ಮುಧೋಳ ಭಾಗಗಳಲ್ಲಿ ಎಷ್ಟೋ ಮನೆಗಳಲ್ಲಿ ನೀರು ಹೊಕ್ಕಿದ್ದನ್ನು ಯಾರೂ ಮರೆತಿಲ್ಲ. ಕಬ್ಬಿಣದ ಮಗ್ಗವನ್ನು ತೊಳೆದು ಎಣ್ಣೆ ಹಾಕಿ ಮತ್ತೆ ನಡೆಸಬಹುದು. ನೀರು ಕುಡಿದ ಬೋರ್ಡಿಗೆ ಎಣ್ಣೆಯ ಚಿಕಿತ್ಸೆಯು ನಾಟುವದಿಲ್ಲ.

ತಂತ್ರಾಂಶವನ್ನು ಕುರಿತ ವಾದ

ಯಂತ್ರದ ವಾದವು ಕಣ್ಣಿಗೆ ಕಾಣುವ ವಾದ. ಅದಕ್ಕಿಂತ ಗಹನವಾದದ್ದು ತಂತ್ರಾಂಶದ ವಾದ. ಇಲೆಕ್ಟ್ರಾನಿಕ್ ಜಕಾರ್ಡಕ್ಕೆ ಕಡತವನ್ನು ಬರೆದುಕೊಡುವ ತಂತ್ರಾಂಶಗಳಲ್ಲಿ ಹಲವು ವ್ಯಾಪಾರದ ಸರಕುಗಳು. ಬೆಲೆ ಕೊಟ್ಟವನಿಗೆ ಒಂದು ಕೀಲಿಯನ್ನು ಕೊಡುವರು. ಆ ಕೀಲಿಯನ್ನು ಗಣಕಕ್ಕೆ ಚುಚ್ಚದ ಹೊರತು ತನ್ನ ನಮೂನೆಯನ್ನು ತಾನೇ ತೆರೆದು ನೋಡಲು ಬಾರದು. ಕಡತದ ಲಿಪಿಯೂ ಕಂಪನಿಗೊಂದು ತೆರ. ಸ್ವಿಟ್ಜರ್‌ಲ್ಯಾಂಡದ ಸ್ಟಾಬ್ಲಿ ಕಂಪನಿಯ ಯಂತ್ರಗಳಿಗೆ ಜೆಸಿ5 ಎಂಬ ಲಿಪಿ, ಬೇರೆ ಯಂತ್ರಗಳಿಗೆ ಬೇರೆ ಲಿಪಿ. ಹೀಗಾಗಿ ಒಂದು ಕಂಪನಿಯ ಯಂತ್ರವನ್ನು ಬಿಟ್ಟು ಇನ್ನೊಂದನ್ನು ಕೊಂಡವನು ಹತ್ತು ವರ್ಷ ಕೂಡಿಟ್ಟ ನಮೂನೆಗಳನ್ನು ಮತ್ತೆ ಬರೆಯಿಸಬೇಕಾದ ಪ್ರಸಂಗವು ಒದಗಬಹುದು. ಇದಕ್ಕೆ ಪ್ರತಿಯಾಗಿ ಭಾರತ ಸರಕಾರದ ಡಿಜಿಟಲ್ ಇಂಡಿಯಾ ಕಾರ್ಪೊರೇಶನ್ನು ಜಕಾರ್ಡ ಮತ್ತು ಡಾಬಿಗಳ ನಮೂನೆಗಾಗಿ ‘ಡಿಜಿಬುನಾಯಿ’ ಎಂಬ ಮುಕ್ತ ತಂತ್ರಾಂಶವನ್ನು ಸಿದ್ಧಪಡಿಸಿದೆ. ಇದಕ್ಕೆ ಕೀಲಿಯ ಬಂಧನವಿಲ್ಲ, ಇದರ ಒಳರಚನೆಯನ್ನು ಬಲ್ಲವರು ತೆರೆದು ನೋಡಬಹುದು, ತಿದ್ದಬಹುದು. ಪುಕ್ಕಟೆಯ ವಸ್ತುವಿನಲ್ಲಿ ವ್ಯಾಪಾರದ ತಂತ್ರಾಂಶದ ನಯವೂ, ಕೆಟ್ಟಾಗ ಫೋನಿನಲ್ಲಿ ಉತ್ತರಿಸುವ ಮನುಷ್ಯನೂ ಸಿಗುವದಿಲ್ಲವೆಂದು ಒಂದು ಪಕ್ಷ. ಕೀಲಿಯನ್ನು ಪರರ ಕೈಯಲ್ಲಿಟ್ಟು ನಯವನ್ನು ಕೊಂಡರೆ ಏನು ಫಲವೆಂದು ಇನ್ನೊಂದು ಪಕ್ಷ.

ಕಚೇರಿಗಳಲ್ಲಿ ಕೆಲಸ ಮಾಡುವ ನಮ್ಮ ವಾಚಕರಿಗೆ ಈ ಕಷ್ಟವು ತೀರ ಹೊಸದಲ್ಲ. ಕನ್ನಡವನ್ನು ಗಣಕದಲ್ಲಿ ಬರೆಯಲಾರಂಭಿಸಿದ ದಿನಗಳನ್ನು ಅವರು ನೆನೆಯಲಿ. ಕೆ. ಪಿ. ರಾಯರು ಕನ್ನಡದ ಕೀಲಿಮಣೆಗೆ ಒಂದು ತರ್ಕಬದ್ಧವಾದ ವಿನ್ಯಾಸವನ್ನು ಕೊಟ್ಟರು. 1998ರಲ್ಲಿ ‘ಬರಹ’ ತಂತ್ರಾಂಶವು ಬಂದಿತು, ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಬಂದಿತು. ಎಲ್ಲವೂ ಉಪಕಾರದ ಕೆಲಸಗಳೇ. ಆದರೂ ಒಂದು ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪತ್ರವು ಇನ್ನೊಂದು ಕಚೇರಿಯ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೋರುತ್ತಿದ್ದ ಕಾಲವನ್ನು ಎಲ್ಲರೂ ಅನುಭವಿಸಿರುವರು. 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದ ಯುನಿಕೋಡ್ ಸಂಕೇತವು ಬಳಕೆಯಲ್ಲಿ ನೆಲೆಯೂರಿದ ಮೇಲೆಯೇ ಆ ಗೊಂದಲವು ಹಿಂಗಿತು. ಅಕ್ಷರಕ್ಕೆ ಸರ್ವರಿಗೂ ಸಮನಾದ ಒಂದು ಸಂಕೇತವು ಬೇಕೆಂಬ ವಿವೇಕವು ನಮಗೆ ತಡವಾಗಿ ಬಂದಿತು. ಅದೇ ವಿವೇಕವು ನೇಕಾರನ ನಮೂನೆಯ ವಿಷಯದಲ್ಲಿಯಾದರೂ ಬೇಗ ಬರಲಿ ಎಂಬದೇ ನಮ್ಮ ಆಶಯ.

ಪ್ರಶ್ನೆಯನ್ನು ಕೇಳಬೇಕಾದ ರೀತಿ

ನಮ್ಮ ಮತವಿಷ್ಟು: ಯಂತ್ರವು ಹೊಸದಿರಲಿ ಹಳೆಯದಿರಲಿ, ನಮೂನೆಯ ಒಡೆತನವೂ ಯಂತ್ರವನ್ನು ದುರಸ್ತಿ ಮಾಡುವ ವಿದ್ಯೆಯೂ ನೇಯುವ ಊರಿನಲ್ಲಿಯೇ ಉಳಿಯಬೇಕು. ಈ ಎರಡು ಉಳಿದರೆ ಯಾವ ಯಂತ್ರವಾದರೂ ಸ್ವದೇಶಿಯೇ. ಈ ಎರಡು ಹೋದರೆ ಊರಿನ ಬಡಗಿಯು ಮಾಡಿದ ಮಗ್ಗವೂ ಪರಾಧೀನವೇ.

ಹೀಗೆ ವಿಚಾರ ಮಾಡುವದನ್ನು ನಮಗೆ ಕಲಿಸಿದವರು ಗಾಂಧೀಜಿಯವರು. ಅವರನ್ನು ಯಂತ್ರದ ಶತ್ರುವೆಂದು ತಿಳಿದವರು 1929ರ ಒಂದು ಪ್ರಕಟನೆಯನ್ನು ಸ್ಮರಿಸಬೇಕು. ಆ ವರ್ಷ ಅಖಿಲ ಭಾರತ ಚರಖಾ ಸಂಘವು ಸುಧಾರಿಸಿದ ಚರಖಾವನ್ನು ರಚಿಸುವವರಿಗೆ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ಅದರ ಕರಾರುಗಳು ಯಂತ್ರಶಾಸ್ತ್ರಜ್ಞರನ್ನೂ ಬೆರಗುಗೊಳಿಸತಕ್ಕವು. ಯಂತ್ರದ ಬೆಲೆಯು 150 ರೂಪಾಯಿಗಳನ್ನು ಮೀರಬಾರದು. ಅದು ಹಗುರವಾಗಿರಬೇಕು, ಹಳ್ಳಿಯ ಮನೆಯಲ್ಲಿ ಕೈಯಿಂದ ಅಥವಾ ಕಾಲಿನಿಂದ ನಡೆಯಬೇಕು. ಹೆಂಗಸೊಬ್ಬಳು ಹೆಚ್ಚಿನ ಆಯಾಸವಿಲ್ಲದೆ ಎಂಟು ತಾಸು ನಡೆಸುವಂತಿರಬೇಕು. ಇಪ್ಪತ್ತು ವರ್ಷ ಬಾಳಬೇಕು, ವರ್ಷದ ದುರಸ್ತಿಯ ವೆಚ್ಚವು ಬೆಲೆಯ ನೂರಕ್ಕೆ 5ನ್ನು ಮೀರಬಾರದು. ಆ ಬಹುಮಾನವು ಯಾರಿಗೂ ಸಲ್ಲಲಿಲ್ಲ. ಆದರೆ ಆ ಕರಾರುಗಳು ಇಂದಿಗೂ ಉತ್ತಮ ಒರೆಗಲ್ಲಾಗಿವೆ. ಯಂತ್ರವು ತಾಸಿಗೆ ಎಷ್ಟು ನೂಲು ಕೊಡುವದೆಂಬದರ ಜೊತೆಯಲ್ಲಿಯೇ ಅದನ್ನು ಯಾರು ಕೊಳ್ಳಬಲ್ಲರು, ಯಾರು ನಡೆಸಬಲ್ಲರು, ಯಾರು ದುರಸ್ತಿ ಮಾಡಬಲ್ಲರು ಎಂಬದನ್ನೂ ಅವು ಕೇಳಿದವು.

ಸ್ವಾತಂತ್ರ್ಯಾನಂತರದ ಸಮಿತಿಗಳು ಇಷ್ಟು ಸೂಕ್ಷ್ಮವಾಗಿ ಕೇಳಲಿಲ್ಲ. 1954ರಲ್ಲಿ ಕಾನುಂಗೋ ಸಮಿತಿಯು ಕೈಮಗ್ಗಗಳನ್ನು ಕ್ರಮಕ್ರಮವಾಗಿ ವಿದ್ಯುತ್ ಮಗ್ಗಗಳಾಗಿ ಪರಿವರ್ತಿಸಬೇಕೆಂದಿತು. 1955ರಲ್ಲಿ ಕರ್ವೆ ಸಮಿತಿಯು ಉದ್ಯೋಗ ಹಾನಿಯ ಭಯದಿಂದ ಅದಕ್ಕೆ ವಿರುದ್ಧವಾದ ಸಲಹೆಯನ್ನು ಕೊಟ್ಟಿತು. ಒಂದು ಉತ್ಪನ್ನವನ್ನು ಎಣಿಸಿತು, ಇನ್ನೊಂದು ಕೈಗಳನ್ನು ಎಣಿಸಿತು. ಎರಡೂ ಎಣಿಕೆಗಳು ಬೇಕಾದವುಗಳೇ. ಆದರೆ ನೇಕಾರನ ತಲೆಯಲ್ಲಿದ್ದ ನಮೂನೆಯು ನಾಳೆ ಯಾರ ಪೆಟ್ಟಿಗೆಯನ್ನು ಸೇರುವದೆಂಬ ವಿಚಾರವು ಅಂದಿನ ವಾದದಲ್ಲಿ ಮುಂದಕ್ಕೆ ಬರಲಿಲ್ಲ. ಇಂದು ಅದೇ ಮುಖ್ಯ ವಿಚಾರವಾಗಿದೆ. ನಮ್ಮಲ್ಲಿ ಬಹುಜನ ನೇಕಾರರು ಮಾಲಕರಿಂದ ನೂಲನ್ನು ತಂದು, ನೇಯ್ದು ಕೊಟ್ಟು, ಮಜೂರಿಯನ್ನು ಪಡೆಯುವವರು. ರಟ್ಟಿನ ಸರವು ನೇಕಾರನ ಮನೆಯ ಗೂಟಕ್ಕೆ ತೂಗಿರುವವರೆಗೆ ನಮೂನೆಯ ಮೇಲೆ ಅವನಿಗೂ ಒಂದು ಹಿಡಿತವಿರುತ್ತಿತ್ತು. ಬೀಗ ಹಾಕಿದ ಕಡತದ ದಿನಗಳಲ್ಲಿ ಅವನು ತನ್ನ ಮಗ್ಗದ ಮೇಲೆ ತಾನೇ ಬಾಡಿಗೆದಾರನಾಗುವ ಅಪಾಯವಿದೆ.

ನೆರೆಯವರ ಅನ್ನ

ಇನ್ನೊಂದು ಮಾತನ್ನು ನಮ್ಮ ಉತ್ಸಾಹಿ ತರುಣರಿಗೆ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಗಣಕವು ನಮೂನೆಯನ್ನು ಬರೆಯುವದನ್ನು ಸುಲಭಗೊಳಿಸಿದಂತೆ ಕದಿಯುವದನ್ನೂ ಸುಲಭಗೊಳಿಸಿದೆ. ಸೀರೆಯ ಚಿತ್ರವೊಂದನ್ನು ಯಂತ್ರದ ಕಣ್ಣಿಗೆ ಹಿಡಿದು, ಗಣಕದಲ್ಲಿ ಚೌಕಳಿಗೆ ಇಳಿಸಿ, ಬೇಗನೆ ಅದರ ನಕಲನ್ನು ಮಗ್ಗಕ್ಕೇರಿಸಬಹುದು. ಸೂರತಿನವರು ನಮ್ಮ ದಡಿಯನ್ನು ನಕಲು ಮಾಡಿದರೆಂದು ನಾವು ಕೋಪಿಸುವೆವು. ಆದರೆ ನಮ್ಮ ಜಿಲ್ಲೆಯಲ್ಲಿಯೇ ಇಲಕಲ್ಲದ ಕೈಮಗ್ಗದವನು ತೋಪು ತೆನಿಯ ಸೆರಗನ್ನು ಹಾಸಿಗೆ ಕೊಂಡಿ ಹಾಕಿ ಕೂಡಿಸುವಾಗ ಪಡುವ ಶ್ರಮವನ್ನು ನಾವು ಬಲ್ಲೆವು. ಅವನ ಗೋಮಿ, ಚಿಕ್ಕಿಪರಾಸ, ಗಾಡಿದಡಿಗಳನ್ನು ಪಾಲಿಯೆಸ್ಟರಿನಲ್ಲಿ ಅಚ್ಚಿಳಿಸಿ ಅವನದೇ ಹೆಸರಿನಲ್ಲಿ ಮಾರಿದರೆ ಅದು ಯಾವ ಧರ್ಮ? ಇಲಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತಿದೆ. 1985ರ ಕೈಮಗ್ಗ ಮೀಸಲು ಕಾಯದೆಯು ಮೊದಲು 22 ಬಗೆಯ, ಈಗ 11 ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೆಂದೇ ಕಾದಿರಿಸಿದೆ, ಅದರಲ್ಲಿ ಸೀರೆಯೂ ಸೇರಿದೆ. ಕಾಯದೆಯು ಇರಲಿ, ಇಲ್ಲದಿರಲಿ, ನೆರೆಯವನ ತಾಟಿಗೆ ಕೈ ಹಾಕಿ ಬೆಳೆದ ಉದ್ಯಮಕ್ಕೆ ಪೇಟೆಯಲ್ಲಿ ಹೆಸರು ನಿಲ್ಲುವದಿಲ್ಲ. ರಬಕವಿ-ಬನಹಟ್ಟಿಗೆ ತನ್ನದೇ ಆದ ನಮೂನೆಗಳು ಬೇಕು. ಹೊಸ ಯಂತ್ರದ ನಿಜವಾದ ಉಪಯೋಗವಿರುವದು ಅಲ್ಲಿಯೇ.

ಮಾಡತಕ್ಕದ್ದೇನು?

ಒಂಟಿ ನೇಕಾರನು ಈ ಭಾರವನ್ನು ಹೊರಲಾರನು. ಆದುದರಿಂದ ರಬಕವಿ-ಬನಹಟ್ಟಿಯಲ್ಲಿ ನೇಕಾರರೇ ಕೂಡಿ ನಡೆಸುವ ಒಂದು ನಮೂನೆಯ ಮನೆಯನ್ನು ಕಟ್ಟಬೇಕೆಂದು ನಾವು ಸೂಚಿಸುತ್ತೇವೆ. ಅಲ್ಲಿ ನಾಲ್ಕಾರು ಗಣಕಗಳಿರಲಿ, ರಟ್ಟು ಕೊರೆಯುವ ಯಂತ್ರವೂ ಇರಲಿ. ಹಳೆಯ ರಟ್ಟಿನ ಸರಗಳಲ್ಲಿ ಉಳಿದಿರುವ ದಡಿಗಳನ್ನೂ ಸೆರಗುಗಳನ್ನೂ, ಅವು ಇಲಿಗೂ ಒಲೆಗೂ ಆಹುತಿಯಾಗುವ ಮುನ್ನ, ಒಂದೊಂದಾಗಿ ಗಣಕಕ್ಕೆ ಇಳಿಸಿಕೊಳ್ಳಲಿ. ಪ್ರತಿಯೊಂದು ನಮೂನೆಯ ಒಂದು ಪ್ರತಿಯನ್ನು ಎಲ್ಲ ಗಣಕಗಳೂ ಓದಬಲ್ಲ ಬಿಎಂಪಿಯಂಥ ಸಾದಾ ಚಿತ್ರರೂಪದಲ್ಲಿ ಕಾದಿಡಲಿ. ಯಾರು ಬರೆದರು, ಯಾವ ವರ್ಷ ಬರೆದರು ಎಂಬ ಖಾತೆಯೊಂದು ಇರಲಿ. ಆ ನಮೂನೆಯನ್ನು ಬಳಸುವವನು ಬರೆದವನಿಗೆ ಇಂತಿಷ್ಟು ಕೊಡಲಿ. ಜಕಾರ್ಡನಿಗೆ ಫ್ರಾನ್ಸ ಸರಕಾರವು ಮಾಡಿದ ನ್ಯಾಯವನ್ನು ನಮ್ಮ ಊರ ನಮೂನೆಕಾರನಿಗೆ ಊರೇ ಮಾಡಬಹುದು. ರಟ್ಟು ಕೊರೆಯುವವರ ಕಸಬು ಹೋಗುವದೆಂಬ ದುಃಖಕ್ಕೂ ಇದೇ ಉತ್ತರ. ಚೌಕಳಿಯ ಕಾಗದವನ್ನು ಓದಬಲ್ಲವನಿಗಿಂತ ಉತ್ತಮ ನಮೂನೆಕಾರನು ಯಾವ ನಗರದಿಂದ ಬರಬೇಕು?

ಈ ಮನೆಗೆ ಹತ್ತಿಕೊಂಡು ದುರಸ್ತಿಯ ಕೋಣೆಯೊಂದು ಇರುವದೂ ಅಷ್ಟೇ ಅವಶ್ಯ. ಜಮಖಂಡಿ, ಮುಧೋಳಗಳಲ್ಲಿ ತಾಂತ್ರಿಕ ಶಿಕ್ಷಣವನ್ನು ಪಡೆದು ಕೆಲಸಕ್ಕಾಗಿ ಪುಣೆ, ಬೆಂಗಳೂರುಗಳ ದಾರಿ ಹಿಡಿಯುವ ಹುಡುಗರಿದ್ದಾರೆ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲವನ್ನು ಕೊಟ್ಟ ಮನೆಗಳ ತರುಣರಿದ್ದಾರೆ. ಜಕಾರ್ಡದ ಬೋರ್ಡನ್ನು ಬಿಚ್ಚಿ ಸುಟ್ಟ ಭಾಗವನ್ನು ಬದಲಿಸುವ ವಿದ್ಯೆಯನ್ನು ಇವರಿಗೆ ಕಲಿಸುವದು ದುಸ್ಸಾಧ್ಯವಲ್ಲ. ಮಗ್ಗವು ತಿಂಗಳುಗಟ್ಟಲೆ ಮೂಕವಾಗಿ ನಿಲ್ಲುವದರ ಬದಲು ಎರಡು ದಿನಗಳಲ್ಲಿ ನಡೆಯತೊಡಗಿದರೆ ಹೊಸ ಯಂತ್ರದ ವಿರುದ್ಧವಾದ ಅರ್ಧ ವಾದವು ತಾನಾಗಿಯೇ ಕುಸಿಯುವದು. ಗದಗ-ಬೆಟಗೇರಿಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಂಥ ವಿದ್ಯಾಲಯಗಳು ಇದಕ್ಕೆ ತಕ್ಕ ಪಾಠವನ್ನು ಒದಗಿಸಬಹುದು.

ಅಧಿಕಾರಿವರ್ಗಕ್ಕೂ ನಮ್ಮದೊಂದು ವಿನಂತಿಯಿದೆ. 1999ರ ತಂತ್ರಜ್ಞಾನ ಉನ್ನತೀಕರಣ ನಿಧಿಯಿಂದ ಮೊದಲುಗೊಂಡು ಸರಕಾರದ ಸಹಾಯವು ಬಹುಮಟ್ಟಿಗೆ ಯಂತ್ರದ ಖರೀದಿಗೆ ಹರಿದಿದೆ. 2017ರಲ್ಲಿ ಸಾರಿದ ಪವರ್‌ಟೆಕ್ಸ್ ಯೋಜನೆಯಲ್ಲಿ ನೂಲಿನ ಭಂಡಾರ, ಸಾಮೂಹಿಕ ಸೌಲಭ್ಯ ಕೇಂದ್ರಗಳಿಗೂ ಸ್ಥಾನವಿದ್ದದ್ದು ಒಳ್ಳೆಯ ಲಕ್ಷಣವಾಗಿತ್ತು. ಇನ್ನು ಮುಂದೆ ಇಂಥ ಸಹಾಯವನ್ನು ಕೊಡುವಾಗ ಮೂರು ಕರಾರುಗಳನ್ನು ಹಾಕಲಿ. ಯಂತ್ರವನ್ನು ಮಾರುವವನು ಅದರ ಕಡತದ ಲಿಪಿಯನ್ನು ಮುಚ್ಚಿಡಬಾರದು. ದುರಸ್ತಿಯ ಭಾಗಗಳು ಮತ್ತು ನಕ್ಷೆಗಳು ಜಿಲ್ಲೆಯಲ್ಲಿಯೇ ದೊರೆಯಬೇಕು. ಯಂತ್ರದ ಜೊತೆಗೆ ಮಹಾಪೂರ ಮತ್ತು ಬೆಂಕಿಯ ವಿಮೆಯೂ ಇರಬೇಕು. ಈ ಕರಾರುಗಳಿಗೆ ಬೊಕ್ಕಸದಿಂದ ಆಗುವ ಖರ್ಚು ಅಲ್ಪ, ನೇಕಾರನಿಗೆ ಆಗುವ ರಕ್ಷಣೆಯು ಅಪಾರ.

ಸಂದೇಹಕ್ಕೆ ಉತ್ತರ

ಸಹಕಾರಿ ಸಂಘಗಳ ಅನುಭವವನ್ನು ಕಂಡವರು ಇಲ್ಲಿ ನಗಬಹುದು. ಸಂಘಗಳು ಹುಟ್ಟುವವು, ಆಡಳಿತ ಮಂಡಳಿಯ ಚುನಾವಣೆಯಲ್ಲಿ ಜಗಳವಾಡುವವು, ಲೆಕ್ಕಪತ್ರದಲ್ಲಿ ಮುಳುಗುವವು ಎಂಬ ಆಕ್ಷೇಪವು ನಿರಾಧಾರವಾದುದಲ್ಲ. ಆದರೆ ಅದನ್ನೇ ಕೊನೆಯ ಮಾತೆಂದು ಒಪ್ಪಲು ಈ ನೆಲದ ಚರಿತ್ರೆಯು ಬಿಡುವದಿಲ್ಲ. 1905ರಲ್ಲಿ ಗದಗಿನ ನೆರೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರಿ ಸಂಘವನ್ನು ನೆಟ್ಟು ಇಡೀ ದೇಶಕ್ಕೆ ದಾರಿ ತೋರಿದರು. ಅಷ್ಟು ದೂರ ಹೋಗುವ ಕಾರಣವೂ ಇಲ್ಲ. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ ರೈತರು ಸರಕಾರದ ಹಣಕ್ಕೆ ಕಾಯದೆ, ತಾವೇ ವಂತಿಗೆ ಕೂಡಿಸಿ, ತಾವೇ ಮಣ್ಣು ಕಲ್ಲು ಹೊತ್ತು, ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿದರು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಆ ನೀರಿಗೆ ಶ್ರಮಬಿಂದು ಸಾಗರವೆಂದು ಹೆಸರಾಯಿತು. ಎರಡು ವರ್ಷಗಳ ತರುವಾಯ, 1991ರಲ್ಲಿ, ಅದೇ ಜನರು ಅವರನ್ನು ಲೋಕಸಭೆಗೆ ಆರಿಸಿ ಕಳಿಸಿದರು.

ಒಂದು ಮಹಾನದಿಯನ್ನು ತಡೆದು ನಿಲ್ಲಿಸಿದ ಸೀಮೆಗೆ ಒಂದು ನಮೂನೆಯ ಮನೆಯನ್ನು ಕಟ್ಟುವದು ಅಸಾಧ್ಯವೆಂದು ನಾವು ನಂಬಲಾರೆವು. ರೈತರಿಗೆ ಅಂದು ತಮ್ಮ ಕೊರತೆಯು ಸ್ಪಷ್ಟವಾಗಿ ಕಂಡಿತ್ತು, ನೀರು ಕಣ್ಣೆದುರಿಗೇ ಹರಿದು ಹೋಗುತ್ತಿತ್ತು. ನೇಕಾರನ ಕೊರತೆಯು ಹಾಗೆ ಕಣ್ಣಿಗೆ ಬೀಳುವದಿಲ್ಲ. ನಮೂನೆಯು ಸದ್ದಿಲ್ಲದೆ, ಬೆರಳುದ್ದದ ಪೆನ್‌ಡ್ರೈವಿನಲ್ಲಿ ಊರನ್ನು ಬಿಟ್ಟು ಹೋಗುವದು. ಸೀರೆಯು ಮಾತ್ರ ಇಲ್ಲಿ ಉಳಿದು, ಅದರ ಮಜೂರಿಯನ್ನು ಬೇರೆಯವರು ಗೊತ್ತುಮಾಡುವರು. ರಟ್ಟೋ ವಿದ್ಯುತ್ತೋ ಎಂಬ ವಾದವು ಇನ್ನೂ ಕೆಲಕಾಲ ನಡೆಯಲಿ. ಬಲ್ಲವರು ಕೂಡಿ ವಾದಿಸುವದು ಉದ್ಯಮದ ಜೀವಂತಿಕೆಯ ಲಕ್ಷಣವೇ ಆಗಿದೆ. ಆದರೆ ಯಂತ್ರದ ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ಪ್ರತಿಯೊಬ್ಬ ನೇಕಾರನೂ ಮಾರುವವನನ್ನು ಎರಡು ಮಾತು ಕೇಳಲಿ: ಇದರಲ್ಲಿ ಬರೆದ ನಮೂನೆಯನ್ನು ನಾಳೆ ನಾನು ಬೇರೆ ಯಂತ್ರದಲ್ಲಿ ತೆರೆಯಬಹುದೇ? ಇದು ಕೆಟ್ಟರೆ ನನ್ನ ಊರಿನಲ್ಲಿ ಯಾರು ಬಿಚ್ಚಬಲ್ಲರು? ಎರಡಕ್ಕೂ ನೆಟ್ಟಗಿನ ಉತ್ತರವು ಬಾರದಿದ್ದರೆ ಸಹಿಯನ್ನು ತಡೆಯಲಿ.